ಮಳೆಗಾಲದ ಕಪಾಟಿನಲ್ಲಿ ಬ್ಯಾಟರಿ: ಮಲೆನಾಡಿನ ಮನೆಯಲ್ಲಿ ಕಾರ್ಡ್‌ಲೆಸ್ ಉಪಕರಣಗಳನ್ನು ಕಾಪಾಡುವುದು ಹೇಗೆ?

ಸಕಲೇಶಪುರ, ಮೂಡಿಗೆರೆ, ಆಲ್ದೂರು ಕಡೆಯ ತೋಟದ ಮನೆಗಳಲ್ಲಿ ಕತ್ತಿ, ಗರಗಸ, ಪಾನಾಗಳ ಪಕ್ಕದಲ್ಲಿ ಈಗ ಬ್ಯಾಟರಿಯಿಂದ ಓಡುವ ಡ್ರಿಲ್, ಗ್ರೈಂಡರ್, ಕೊಂಬೆ ಕತ್ತರಿಸುವ ಪುಟ್ಟ ಚೈನ್ ಗರಗಸಗಳೂ ಜಾಗ ಪಡೆದಿವೆ. ಕಾಫಿ ಕೊಯ್ಲು ಮುಗಿದ ಮೇಲೆ ಗಿಡ ಸವರುವ ಕೆಲಸದಿಂದ ಹಿಡಿದು ಮುಂಗಾರಿಗೆ ಮುಂಚಿನ ಮರಗಸಿಯವರೆಗೆ (ನೆರಳಿನ ಮರಗಳ ಕೊಂಬೆ ಸವರುವ ಕೆಲಸ) ಅವುಗಳಿಗೆ ಬಿಡುವಿರುವುದಿಲ್ಲ. ಜೂನ್ ತಿಂಗಳಲ್ಲಿ ಮಳೆ ಹಿಡಿದುಕೊಂಡಿತೆಂದರೆ, ಕೊನೆಯ ದಿನದ ಕೆಲಸ ಮುಗಿಸಿದ ಸ್ಥಿತಿಯಲ್ಲೇ, ಬ್ಯಾಟರಿಯನ್ನು ಉಪಕರಣದಿಂದ ಬಿಚ್ಚುವ ಗೋಜಿಗೂ ಹೋಗದೆ, ಎಲ್ಲವನ್ನೂ ಕಪಾಟಿಗೆ ಸೇರಿಸಿಬಿಡುವುದು ಸಾಮಾನ್ಯ ರೂಢಿ. ಅಕ್ಟೋಬರಿನಲ್ಲಿ ಹೊರತೆಗೆದು ಚಾರ್ಜರಿಗೆ ಹಾಕಿದರೆ ಕೆಂಪು ದೀಪ ಮಿಣುಕುತ್ತದೆಯೇ ಹೊರತು ಬ್ಯಾಟರಿ ಚಾರ್ಜು ತೆಗೆದುಕೊಳ್ಳುವುದಿಲ್ಲ. ಆಗ ಮಾಲು ಕಳಪೆಯೆಂಬ ತೀರ್ಮಾನಕ್ಕೆ ಬರುವುದು ಸುಲಭ. ಆದರೆ ಇಂಥ ಬ್ಯಾಟರಿಗಳಲ್ಲಿ ಹೆಚ್ಚಿನವು ದುಡಿದು ಸವೆದವಲ್ಲ, ಸುಮ್ಮನೆ ಕುಳಿತು ಕೆಟ್ಟವು. ಬ್ಯಾಟರಿಯನ್ನು ಎಷ್ಟು ಚಾರ್ಜಿನಲ್ಲಿ, ಮನೆಯ ಯಾವ ಮೂಲೆಯಲ್ಲಿ ಇಡುತ್ತೇವೆ ಎಂಬುದೇ ಅದರ ಆಯುಸ್ಸನ್ನು ಬಹುಮಟ್ಟಿಗೆ ನಿರ್ಧರಿಸುವುದರಿಂದ, ಬ್ಯಾಟರಿಯ ಪಾಲನೆಯನ್ನೂ ಉಪಕರಣದ ಕೋಣೆಯ ಜೋಡಣೆಯನ್ನೂ ಬೇರೆಬೇರೆಯಾಗಿ ನೋಡಲು ಬರುವುದಿಲ್ಲ.

ಬ್ಯಾಟರಿ ಪ್ಯಾಕಿನ ಪ್ಲಾಸ್ಟಿಕ್ ಕವಚದೊಳಗೆ ಇರುವುದು ಲಿಥಿಯಂ-ಅಯಾನ್ ಸೆಲ್‌ಗಳ ಸಾಲು ಮತ್ತು ಅವುಗಳ ಮೇಲೆ ನಿಗಾ ಇಡುವ ಒಂದು ಚಿಕ್ಕ ಸರ್ಕ್ಯೂಟ್ ಹಲಗೆ. ಹೆಚ್ಚು ಬಳಕೆಯಲ್ಲಿರುವ ಸೆಲ್ಲನ್ನು 18650 ಎಂದು ಕರೆಯುತ್ತಾರೆ, 18 ಮಿ.ಮೀ. ವ್ಯಾಸ, 65 ಮಿ.ಮೀ. ಉದ್ದ ಎಂಬುದನ್ನೇ ಆ ಸಂಖ್ಯೆ ಹೇಳುತ್ತದೆ. ಅದಕ್ಕಿಂತ ದಪ್ಪನಾದ 21700 ಸೆಲ್ಲುಗಳೂ ಈಗ ಬರುತ್ತಿವೆ. ಒಂದು ಸೆಲ್ಲಿನ ಸರಾಸರಿ ವೋಲ್ಟೇಜ್ 3.6. ಪೂರ್ತಿ ತುಂಬಿದಾಗ ಅದು 4.2ಕ್ಕೆ ಏರುತ್ತದೆ, 2.5ರಿಂದ 3ರ ಆಸುಪಾಸಿಗೆ ಇಳಿದರೆ ಖಾಲಿಯಾದಂತೆ. ಐದು ಸೆಲ್ಲುಗಳನ್ನು ಒಂದರ ಹಿಂದೊಂದು ಜೋಡಿಸಿದರೆ 18 ವೋಲ್ಟಿನ ಪ್ಯಾಕ್ ಸಿದ್ಧವಾಗುತ್ತದೆ. ಅದೇ ಪ್ಯಾಕ್ ತುಂಬಿದ ಕ್ಷಣದಲ್ಲಿ 21 ವೋಲ್ಟ್ ತೋರಿಸುತ್ತದೆ. ಹೀಗಾಗಿ ಒಬ್ಬ ತಯಾರಕ 18 ಎಂದೂ, ಮತ್ತೊಬ್ಬ 20 ಎಂದೂ, ಮಗದೊಬ್ಬ 21 ಎಂದೂ ಬರೆಯುವುದು ಬಹುತೇಕ ಒಂದೇ ವಸ್ತುವಿನ ಮೇಲೆ. ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುವ ಹಲವು ಉಪಕರಣಗಳ ಮೇಲೆ 48, 88, 128 ಎಂಬ ದೊಡ್ಡ ಅಂಕಿಗಳು ಅಚ್ಚಾಗಿರುತ್ತವೆ. ಒಳಗೆ ನೋಡಿದರೆ ಅಲ್ಲಿಯೂ ಅದೇ ಐದು ಸೆಲ್ಲುಗಳು. ಮಲ್ಟಿಮೀಟರ್ ಇದ್ದವರು ತುಂಬಿದ ಪ್ಯಾಕಿನ ಎರಡು ತುದಿಗಳಿಗೆ ಮುಟ್ಟಿಸಿ ನೋಡಿದರೆ ಈ ಸಂಗತಿ ಅರ್ಧ ನಿಮಿಷದಲ್ಲಿ ಬಯಲಾಗುತ್ತದೆ.

ವೋಲ್ಟೇಜಿಗಿಂತ ಹೆಚ್ಚು ಮೋಸ ನಡೆಯುವುದು ಆಂಪಿಯರ್-ಅವರ್, ಅಂದರೆ ಬ್ಯಾಟರಿ ಎಷ್ಟು ಚಾರ್ಜು ಹಿಡಿಯುತ್ತದೆಂಬ ಅಂಕಿಯಲ್ಲಿ. ವೋಲ್ಟೇಜನ್ನೂ ಆಂಪಿಯರ್-ಅವರನ್ನೂ ಗುಣಿಸಿದರೆ ಪ್ಯಾಕಿನಲ್ಲಿರುವ ಒಟ್ಟು ಶಕ್ತಿ ವ್ಯಾಟ್-ಅವರ್ ಲೆಕ್ಕದಲ್ಲಿ ಸಿಗುತ್ತದೆ: 18 ವೋಲ್ಟಿನ 2 ಆಂಪಿಯರ್-ಅವರ್ ಪ್ಯಾಕಿನಲ್ಲಿ 36, 5 ಆಂಪಿಯರ್-ಅವರಿನದರಲ್ಲಿ 90. ಒಂದು 18650 ಸೆಲ್ಲು ಹೆಚ್ಚೆಂದರೆ ಸುಮಾರು 3.5 ಆಂಪಿಯರ್-ಅವರ್ ಹಿಡಿಯಬಲ್ಲದು. ಆದ್ದರಿಂದ ಅಂಥ ಐದೇ ಸೆಲ್ಲುಗಳಿರುವ ಪ್ಯಾಕಿನ ಮೇಲೆ 6 ಎಂದು ಬರೆದಿದ್ದರೆ ಆ ಬರಹ ಸುಳ್ಳು, ಅಷ್ಟಕ್ಕೆ ಐದೈದರ ಎರಡು ಸಾಲು, ಅಂದರೆ ಹತ್ತು ಸೆಲ್ಲುಗಳು ಬೇಕು. ಇದನ್ನು ಪತ್ತೆಹಚ್ಚಲು ಪ್ಯಾಕನ್ನು ಒಡೆಯಬೇಕಿಲ್ಲ, ತಕ್ಕಡಿ ಸಾಕು. ಒಂದು 18650 ಸೆಲ್ಲಿನ ತೂಕ ಸುಮಾರು 45ರಿಂದ 48 ಗ್ರಾಂ ಇರುವುದರಿಂದ ಹತ್ತು ಸೆಲ್ಲುಗಳ ಪ್ಯಾಕು ಕವಚವನ್ನು ಬಿಟ್ಟೇ 450 ಗ್ರಾಂ ದಾಟಬೇಕು. ಕವಚ ಸೇರಿಯೂ 350 ಗ್ರಾಂ ತೂಗುವ ‘6 ಆಂಪಿಯರ್-ಅವರ್’ ಪ್ಯಾಕನ್ನು ಅಂಗಡಿಯಲ್ಲಿಯೇ ಬಿಟ್ಟು ಬರುವುದು ಒಳ್ಳೆಯದು.

ಬ್ಯಾಟರಿಯ ವಿಷಯದಲ್ಲಿ ನಮ್ಮಲ್ಲಿ ಚಾಲ್ತಿಯಲ್ಲಿರುವ ಹಲವು ಸಲಹೆಗಳು ಬೇರೊಂದು ಕಾಲದ ಬ್ಯಾಟರಿಗೆ ಸೇರಿದವು. ಬ್ಲ್ಯಾಕ್ ಅಂಡ್ ಡೆಕ್ಕರ್ ಕಂಪನಿ 1961ರಲ್ಲಿ ಹೊರತಂದ ಮೊದಲ ಕಾರ್ಡ್‌ಲೆಸ್ ಡ್ರಿಲ್ ನಿಕಲ್-ಕ್ಯಾಡ್ಮಿಯಂ ಸೆಲ್ಲುಗಳಿಂದ ಓಡುತ್ತಿತ್ತು, ಮತ್ತು ಮುಂದಿನ ನಾಲ್ಕು ದಶಕಗಳ ಕಾಲ ಬಹುಮಟ್ಟಿಗೆ ಅದೇ ರಸಾಯನ ಮುಂದುವರಿಯಿತು. ಅರ್ಧ ಬಳಸಿ ಮತ್ತೆ ಚಾರ್ಜು ಮಾಡುತ್ತಾ ಹೋದರೆ ಆ ಸೆಲ್ಲುಗಳ ಸಾಮರ್ಥ್ಯ ಕುಗ್ಗಿದಂತೆ ಕಾಣುವ ಗುಣವಿದ್ದುದರಿಂದ ‘ಪೂರ್ತಿ ಖಾಲಿಯಾದ ಮೇಲೆಯೇ ಚಾರ್ಜಿಗೆ ಹಾಕಿ’ ಎಂಬ ಮಾತು ಹುಟ್ಟಿಕೊಂಡಿತು. ಸೋನಿ ಕಂಪನಿ 1991ರಲ್ಲಿ ಮಾರುಕಟ್ಟೆಗೆ ತಂದ ಲಿಥಿಯಂ-ಅಯಾನ್ ಬ್ಯಾಟರಿ 2005ರ ಹೊತ್ತಿಗೆ ಕೈಯುಪಕರಣಗಳಿಗೂ ಬಂದಿತು. ಅದಕ್ಕೆ ಈ ಗುಣವಿಲ್ಲ. ಅರ್ಧಕ್ಕೇ ಚಾರ್ಜಿಗೆ ಹಾಕಿದರೆ ಅದಕ್ಕೆ ಹಾನಿಯಿಲ್ಲ, ವಾಸ್ತವವಾಗಿ ಅದೇ ಹಿತ. ಹಳೆಯ ಸಲಹೆಯನ್ನು ನಿಷ್ಠೆಯಿಂದ ಪಾಲಿಸಿ ಪ್ರತಿ ಬಾರಿಯೂ ಉಪಕರಣ ನಿಂತುಹೋಗುವವರೆಗೆ ಓಡಿಸುವವರು ತಮ್ಮ ಪ್ಯಾಕನ್ನು ತಾವೇ ಬೇಗ ಮುದಿಯಾಗಿಸುತ್ತಿರುತ್ತಾರೆ.

ಸುಮ್ಮನಿಟ್ಟ ಲಿಥಿಯಂ ಪ್ಯಾಕು ಮೂರು ಕಾರಣಗಳಿಂದ ಕೆಡುತ್ತದೆ: ಖಾಲಿಯಾಗಿ ಕುಳಿತಿರುವುದು, ತುಂಬಿ ಕುಳಿತಿರುವುದು, ಬಿಸಿಯಲ್ಲಿ ಕುಳಿತಿರುವುದು. ಮೊದಲನೆಯದು ಅತ್ಯಂತ ಅಪಾಯಕಾರಿ. ಲಿಥಿಯಂ ಸೆಲ್ಲು ತನ್ನಷ್ಟಕ್ಕೆ ತಿಂಗಳಿಗೆ ಕಳೆದುಕೊಳ್ಳುವ ಚಾರ್ಜು ಬಹಳ ಕಡಿಮೆ. ಆದರೆ ಪ್ಯಾಕಿನೊಳಗಿನ ಸರ್ಕ್ಯೂಟ್ ಹಲಗೆಯೂ, ಬ್ಯಾಟರಿಯನ್ನು ಬಿಚ್ಚದೆ ಇಟ್ಟಿದ್ದರೆ ಕೆಲವು ಉಪಕರಣಗಳ ಸ್ವಿಚ್ಚೂ ಹನಿಹನಿಯಾಗಿ ವಿದ್ಯುತ್ತನ್ನು ಹೀರುತ್ತಲೇ ಇರುತ್ತವೆ. ಮೇ ಕೊನೆಯಲ್ಲಿ, ಚಾರ್ಜು ತೋರಿಸುವ ಕೊನೆಯ ದೀಪವೂ ಆರಿದ ಸ್ಥಿತಿಯಲ್ಲಿ ಒಳಗಿಟ್ಟ ಪ್ಯಾಕಿನ ಸೆಲ್ಲುಗಳು ಮಳೆಗಾಲ ಮುಗಿಯುವಷ್ಟರಲ್ಲಿ 2.5 ವೋಲ್ಟಿಗಿಂತಲೂ ಕೆಳಗೆ ಇಳಿದುಬಿಡಬಹುದು. ಹೀಗೆ ತೀರಾ ಕೆಳಗಿಳಿದ ಸೆಲ್ಲಿನಲ್ಲಿ ಋಣ ತುದಿಯ ತಾಮ್ರದ ಹಾಳೆ ದ್ರಾವಣದಲ್ಲಿ ಕರಗಲು ತೊಡಗುತ್ತದೆ, ಮತ್ತೆ ಚಾರ್ಜು ಹರಿಸಿದಾಗ ಆ ತಾಮ್ರ ಬೇರೆಡೆ ಹೋಗಿ ಅಂಟಿಕೊಂಡು ಸೆಲ್ಲಿನ ಒಳಗೇ ಶಾರ್ಟ್ ಆಗುವ ದಾರಿ ಮಾಡಿಕೊಡುತ್ತದೆ. ಒಳ್ಳೆಯ ಚಾರ್ಜರು ಇಂಥ ಪ್ಯಾಕನ್ನು ಒಲ್ಲೆನೆನ್ನುವುದು ಈ ಕಾರಣಕ್ಕೆ. ಇನ್ನೊಂದು ತುಂಬಿದ ಪ್ಯಾಕಿನಿಂದ ತಂತಿ ಎಳೆದು ಅದನ್ನು ‘ಎಬ್ಬಿಸುವ’ ವಿಡಿಯೋಗಳು ಯಥೇಚ್ಛವಾಗಿ ಸಿಗುತ್ತವೆ. ಆ ಕೆಲಸಕ್ಕೆ ಕೈಹಾಕದಿರುವುದೇ ಕ್ಷೇಮ, ಏಕೆಂದರೆ ಚಾರ್ಜರು ಕಂಡ ಅಪಾಯ ತಂತಿಯ ಜೋಡಣೆಯಿಂದ ಮಾಯವಾಗುವುದಿಲ್ಲ.

ತುಂಬಿ ಇಡುವುದರ ಹಾನಿ ನಿಧಾನವಾದದ್ದು. ಅದಕ್ಕೆ ಬಿಸಿಯೂ ಸೇರಿದರೆ ಹಾನಿಯ ವೇಗ ಹೆಚ್ಚುತ್ತದೆ. ಲಿಥಿಯಂ ಬ್ಯಾಟರಿಗಳ ಬಗ್ಗೆ ಸಾಮಾನ್ಯವಾಗಿ ಉಲ್ಲೇಖವಾಗುವ ಅಂದಾಜಿನಂತೆ, ಶೇಕಡ 40ರಷ್ಟು ಚಾರ್ಜಿನಲ್ಲಿ 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಒಂದು ವರ್ಷ ಇಟ್ಟ ಸೆಲ್ಲು ತನ್ನ ಸಾಮರ್ಥ್ಯದ ಶೇಕಡ 96ರಷ್ಟನ್ನು ಉಳಿಸಿಕೊಳ್ಳುತ್ತದೆ; ಪೂರ್ತಿ ತುಂಬಿ ಇಟ್ಟದ್ದು 80ಕ್ಕೆ ಇಳಿಯುತ್ತದೆ. 40 ಡಿಗ್ರಿಯಲ್ಲಿಟ್ಟರೆ ಈ ಅಂಕಿಗಳು ಕ್ರಮವಾಗಿ 85 ಮತ್ತು 65. ಸೆಲ್ಲಿನ ತಳಿಗೆ ತಕ್ಕಂತೆ ಅಂಕಿಗಳು ಹಿಂದುಮುಂದಾಗಬಹುದು, ದಿಕ್ಕು ಮಾತ್ರ ಬದಲಾಗದು. ಹೀಗಾಗಿ ನಾಲ್ಕಾರು ತಿಂಗಳು ಬಳಸುವುದಿಲ್ಲವೆಂದು ಗೊತ್ತಿರುವ ಪ್ಯಾಕನ್ನು ಅರ್ಧ ಚಾರ್ಜಿನಲ್ಲಿ, ಅಂದರೆ ನಾಲ್ಕು ದೀಪಗಳಲ್ಲಿ ಎರಡು ಉರಿಯುವಂತೆ, ಮಲ್ಟಿಮೀಟರಿನಲ್ಲಿ ಸುಮಾರು 18.5 ವೋಲ್ಟ್ ಕಾಣುವಂತೆ ಮಾಡಿ, ಉಪಕರಣದಿಂದಲೂ ಚಾರ್ಜರಿನಿಂದಲೂ ಬಿಚ್ಚಿ ಇಡಬೇಕು. ಮಳೆಗಾಲದ ನಡುವೆ ಒಮ್ಮೆ ತೆಗೆದು ನೋಡಿ, ಒಂದು ದೀಪಕ್ಕೆ ಇಳಿದಿದ್ದರೆ ಸ್ವಲ್ಪ ಹೊತ್ತು ಚಾರ್ಜಿಗೆ ಹಾಕಿದರೆ ಸಾಕು. ಮರುದಿನವೇ ಕೆಲಸವಿದ್ದಾಗ ರಾತ್ರಿ ಪೂರ್ತಿ ತುಂಬಿಸಿಕೊಳ್ಳುವುದಕ್ಕೆ ಯಾವ ಅಡ್ಡಿಯೂ ಇಲ್ಲ.

ಇಲ್ಲಿ ಒಂದು ಗೊಂದಲವನ್ನು ಬಿಡಿಸಲೇಬೇಕು, ಏಕೆಂದರೆ ತೋಟದ ಮನೆಯ ಅದೇ ಕೋಣೆಯಲ್ಲಿ ಮತ್ತೊಂದು ಜಾತಿಯ ಬ್ಯಾಟರಿಯೂ ಇರುತ್ತದೆ. ಔಷಧಿ ಹೊಡೆಯುವ ಬೆನ್ನ ಮೇಲಿನ ಸ್ಪ್ರೇಯರಿನಲ್ಲಿ ಹೆಚ್ಚಾಗಿ ಇರುವುದು 12 ವೋಲ್ಟಿನ ಸೀಸ-ಆಮ್ಲದ ಬ್ಯಾಟರಿ. ಸೋಲಾರ್ ಬೇಲಿಯದೂ, ಮನೆಯ ಇನ್ವರ್ಟರಿನದೂ ಸಾಮಾನ್ಯವಾಗಿ ಅದೇ ವಂಶದ್ದು. ಇವುಗಳ ಸ್ವಭಾವ ಲಿಥಿಯಂಗೆ ತದ್ವಿರುದ್ಧ. ಅರ್ಧ ಚಾರ್ಜಿನಲ್ಲಿ ಬಿಟ್ಟರೆ ಸೀಸದ ತಟ್ಟೆಗಳ ಮೇಲೆ ಸೀಸದ ಸಲ್ಫೇಟ್ ಹರಳುಗಟ್ಟಿ, ಮುಂದೆ ಎಷ್ಟು ಚಾರ್ಜು ಮಾಡಿದರೂ ಕರಗದೆ ಉಳಿದುಬಿಡುತ್ತದೆ. ಆದ್ದರಿಂದ ಸೀಸದ ಬ್ಯಾಟರಿಯನ್ನು ಯಾವಾಗಲೂ ತುಂಬಿಯೇ ಇಡಬೇಕು, ವಿಶ್ರಾಂತಿಯಲ್ಲಿ 12.4 ವೋಲ್ಟಿಗಿಂತ ಕೆಳಗೆ ಇಳಿಯುವ ಮುನ್ನ ಮತ್ತೆ ಚಾರ್ಜು ಕೊಡಬೇಕು. ಒಂದೇ ಕಪಾಟಿನ ಎರಡು ಬ್ಯಾಟರಿಗಳಿಗೆ ಎರಡು ವಿರುದ್ಧ ನಿಯಮಗಳಿರುವುದರಿಂದ, ಸ್ಪ್ರೇಯರಿನ ಮೇಲೆ ‘ತುಂಬಿ ಇಡಿ’ ಎಂದೂ ಡ್ರಿಲ್ಲಿನ ಪ್ಯಾಕಿನ ಮೇಲೆ ‘ಅರ್ಧ ಇಡಿ’ ಎಂದೂ ಮಾರ್ಕರ್ ಪೆನ್ನಿನಲ್ಲಿ ಬರೆದಿಟ್ಟರೆ ಮನೆಯ ಎಲ್ಲರಿಗೂ ಅನುಕೂಲ. ಹೊಸ ಸ್ಪ್ರೇಯರುಗಳಲ್ಲಿ ಕೆಲವು ಲಿಥಿಯಂ ಬ್ಯಾಟರಿಯೊಂದಿಗೇ ಬರುತ್ತವೆ. ಬರೆಯುವ ಮೊದಲು ಬ್ಯಾಟರಿಯ ಮೇಲಿನ ಚೀಟಿಯನ್ನು ಓದಿಕೊಳ್ಳಬೇಕು.

ಕೆಲಸದ ವೇಳೆಯಲ್ಲಿ ಬ್ಯಾಟರಿಯನ್ನು ದಣಿಸುವುದು ಮುಖ್ಯವಾಗಿ ಶಾಖ. 2 ಆಂಪಿಯರ್-ಅವರಿನ ಚಿಕ್ಕ ಪ್ಯಾಕನ್ನು ಗ್ರೈಂಡರಿಗೋ ಚೈನ್ ಗರಗಸಕ್ಕೋ ಹಾಕಿದರೆ, ಮೋಟಾರು ಎಳೆಯುವ ಮೂವತ್ತು ನಲವತ್ತು ಆಂಪಿಯರ್ ಅಷ್ಟೂ ಒಂದೊಂದು ಸೆಲ್ಲಿನ ಮೂಲಕವೂ ಹಾದುಹೋಗಬೇಕಾಗುತ್ತದೆ. ಹತ್ತು ಸೆಲ್ಲುಗಳ ದೊಡ್ಡ ಪ್ಯಾಕಿನಲ್ಲಿ ಎರಡು ಸಾಲುಗಳಿರುವುದರಿಂದ ಪ್ರತಿ ಸೆಲ್ಲಿನ ಪಾಲಿಗೆ ಬರುವುದು ಅರ್ಧ ಪ್ರವಾಹ ಮಾತ್ರ. ಸೆಲ್ಲಿನೊಳಗೆ ಹುಟ್ಟುವ ಶಾಖ ಪ್ರವಾಹದ ವರ್ಗಕ್ಕೆ ಅನುಗುಣವಾಗಿರುವುದರಿಂದ, ಪ್ರವಾಹ ಅರ್ಧವಾದಾಗ ಆ ಸೆಲ್ಲಿನ ಶಾಖ ಕಾಲುಭಾಗಕ್ಕೆ ಇಳಿಯುತ್ತದೆ. ದೊಡ್ಡ ಪ್ಯಾಕು ಹೆಚ್ಚು ಹೊತ್ತು ಓಡುವುದಷ್ಟೇ ಅಲ್ಲದೆ ಹೆಚ್ಚು ವರ್ಷ ಬಾಳುವುದಕ್ಕೂ ಇದೇ ಕಾರಣ. ಸ್ಕ್ರೂ ತಿರುಗಿಸುವುದಕ್ಕೆ, ಗೋಡೆಗೆ ಸಣ್ಣ ತೂತು ಹಾಕುವುದಕ್ಕೆ ಚಿಕ್ಕದು ಸಾಕು, ಕೈಗೂ ಹಗುರ. ಮರ ಕೊಯ್ಯುವುದಕ್ಕೆ, ಕಬ್ಬಿಣ ಉಜ್ಜುವುದಕ್ಕೆ ದೊಡ್ಡದನ್ನೇ ಬಳಸಬೇಕು. ಗರಗಸ ಮೊಂಡಾಗಿದ್ದರೂ ಬ್ಯಾಟರಿಯೇ ಅದರ ದಂಡ ತೆರುತ್ತದೆಂಬುದನ್ನು ಇಲ್ಲಿಯೇ ಹೇಳಿಬಿಡಬಹುದು: ಚೈನಿಗೆ ಅರ ಹಾಕಿ ಹರಿತ ಮಾಡಿದ ದಿನ ಅದೇ ಪ್ಯಾಕು ಎಷ್ಟು ಕೊಂಬೆ ಹೆಚ್ಚು ಕತ್ತರಿಸುತ್ತದೆಂಬುದನ್ನು ಯಾರು ಬೇಕಾದರೂ ಗಮನಿಸಬಹುದು.

ಬಿಸಿಯಾದ ಪ್ಯಾಕನ್ನು ತಕ್ಷಣ ಚಾರ್ಜಿಗೆ ಹಾಕಬಾರದು. ಕೈಯಲ್ಲಿ ಹಿಡಿದಾಗ ಬಿಸಿ ಅನ್ನಿಸದಷ್ಟು ತಣ್ಣಗಾಗಲು ಅರ್ಧ ಗಂಟೆ ನೆರಳಿನಲ್ಲಿ ಬಿಟ್ಟರೆ ಸಾಕಾಗುತ್ತದೆ. ಹೆಸರಾಂತ ಕಂಪನಿಗಳ ಚಾರ್ಜರುಗಳು ಪ್ಯಾಕಿನೊಳಗಿನ ಉಷ್ಣತೆಯನ್ನು ಓದಿ, ಅದು ಇಳಿಯುವವರೆಗೆ ಕಾಯುತ್ತವೆ. ಸೂಜಿಯಂಥ ಪಿನ್ನಿನ ಅಗ್ಗದ ಅಡಾಪ್ಟರುಗಳಿಗೆ ಆ ಜಾಣತನವಿರುವುದಿಲ್ಲ, ಆದ್ದರಿಂದ ಅಂಥವನ್ನು ಬಳಸುವಾಗ ಕಾಯುವ ಕೆಲಸ ನಮ್ಮದೇ. ಚಾರ್ಜರನ್ನು ಇಡುವ ಜಾಗದಲ್ಲಿ ಮರದ ಹೊಟ್ಟು, ಥಿನ್ನರ್ ಡಬ್ಬಿ, ಎಣ್ಣೆ ಬಟ್ಟೆ ಇರಬಾರದು. ಗೋಡೆಗೆ ಕೂರಿಸಿದ ಒಂದು ಕಡಪ ಕಲ್ಲಿನ ಹಲಗೆ ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಬೆಂಕಿ ಹತ್ತುವುದಿಲ್ಲ, ಅಗ್ಗವೂ ಹೌದು. ಏಪ್ರಿಲ್, ಮೇ ತಿಂಗಳ ಗುಡುಗಿನ ಮಳೆಯಲ್ಲಿ ತೋಟದ ಒಂಟಿ ಮನೆಗಳ ಉದ್ದನೆಯ ಲೈನಿನಲ್ಲಿ ಸಿಡಿಲಿನ ಹೊಡೆತ ಬರುವುದೂ, ಕರೆಂಟು ಹೋಗಿ ಮರಳುವಾಗ ವೋಲ್ಟೇಜ್ ಜಿಗಿಯುವುದೂ ಹೊಸತಲ್ಲ. ಸ್ವಿಚ್ ಆರಿಸಿದರೆ ಸಾಲದು, ಚಾರ್ಜರಿನ ಪ್ಲಗ್ಗನ್ನೇ ಕಿತ್ತಿಡಬೇಕು.

ಇನ್ನು ಜಾಗದ ಮಾತು. ಹಾಸನ, ಚಿಕ್ಕಮಗಳೂರು ಎರಡೂ ಜಿಲ್ಲೆಗಳಲ್ಲಿ ಎರಡೆರಡು ಹವೆಗಳಿವೆ: ಸಕಲೇಶಪುರ, ಮೂಡಿಗೆರೆ, ಕೊಪ್ಪ, ಶೃಂಗೇರಿಗಳಲ್ಲಿ ತೇವದ ಕಾಟವಾದರೆ, ಅರಸೀಕೆರೆ, ಕಡೂರಿನ ಬಯಲಿನಲ್ಲಿ ಬಿಸಿಲಿನದು. ಬಯಲಿನ ತಗಡಿನ ಶೆಡ್ಡಿನೊಳಗೆ ಬೇಸಿಗೆಯ ಮಧ್ಯಾಹ್ನ ಹೊರಗಿನ ಬಿಸಿಲಿಗಿಂತ ಹೆಚ್ಚು ಕಾವಿರುತ್ತದೆ, ನಿಲ್ಲಿಸಿದ ಜೀಪು, ಪಿಕಪ್ಪುಗಳ ಒಳಗೆ ಇನ್ನೂ ಹೆಚ್ಚು. ಅಲ್ಲಿಯವರು ಡ್ರಿಲ್ಲನ್ನು ಶೆಡ್ಡಿನಲ್ಲಿ ಬಿಟ್ಟರೂ ಪ್ಯಾಕನ್ನು ಮಾತ್ರ ಬಿಚ್ಚಿ ಮನೆಯ ಒಳಕೋಣೆಗೆ, ಅದರಲ್ಲಿಯೂ ಕೆಳಗಿನ ಗೂಡಿಗೆ ತಂದಿಡುವುದು ಸರಿ. ಮಲೆನಾಡಿನಲ್ಲಿ ವಸ್ತುಗಳನ್ನು ಒಣಗಿರುವಂತೆ ಕಾಪಾಡಲು ಒಲೆಯ ಮೇಲಿನ ಅಟ್ಟಕ್ಕೆ ಏರಿಸುವ ಹಳೆಯ ಪದ್ಧತಿಯಿದೆ. ಬೀಜಕ್ಕೂ ಬುಟ್ಟಿಗೂ ಅದು ಒಳ್ಳೆಯದು, ಬ್ಯಾಟರಿಗೆ ಮಾತ್ರ ಅಲ್ಲ. ಫ್ರಿಜ್ಜಿನಲ್ಲಿ ಇಡುವುದೂ ಬೇಡ. ತಣ್ಣಗಿರುವ ಪ್ಯಾಕನ್ನು ಜುಲೈ ತಿಂಗಳ ಗಾಳಿಗೆ ತೆಗೆದರೆ ಅದರ ಸಂಪರ್ಕ ಪಟ್ಟಿಗಳ ಮೇಲೆ ನೀರು ಕಟ್ಟಿಕೊಳ್ಳುತ್ತದೆ, ಮತ್ತು ಮಲೆನಾಡಿನ ಮನೆಯ ಒಳಕೋಣೆ ಹೇಗೂ ಸಾಕಷ್ಟು ತಂಪಾಗಿಯೇ ಇರುತ್ತದೆ.

ಬ್ಯಾಟರಿಗೆ ಬಿಸಿ ಹೇಗೋ ಉಪಕರಣದ ಉಕ್ಕಿಗೆ ತೇವ ಹಾಗೆ. ಗಾಳಿಯ ಸಾಪೇಕ್ಷ ಆರ್ದ್ರತೆ ಶೇಕಡ 60–70ನ್ನು ದಾಟಿದ ಮೇಲೆ ಕಬ್ಬಿಣ ತುಕ್ಕು ಹಿಡಿಯುವ ವೇಗ ಒಮ್ಮೆಲೇ ಏರುತ್ತದೆ. ಮಲೆನಾಡಿನ ಮುಂಗಾರಿನಲ್ಲಿ ಅದು ದಿನಗಟ್ಟಲೆ 90ರ ಮೇಲೆಯೇ ಇರುತ್ತದೆ. ಆದರೆ ಗಾಳಿಯಲ್ಲಿರುವ ನೀರನ್ನು ತೆಗೆಯದೆಯೂ ಈ ಅಂಕಿಯನ್ನು ಇಳಿಸಬಹುದು, ಏಕೆಂದರೆ ಬೆಚ್ಚಗಿನ ಗಾಳಿಗೆ ನೀರಾವಿಯನ್ನು ಹಿಡಿದಿಡುವ ಶಕ್ತಿ ಹೆಚ್ಚು. 20 ಡಿಗ್ರಿಯಲ್ಲಿ ಶೇಕಡ 95ರಷ್ಟು ಆರ್ದ್ರತೆಯಿರುವ ಗಾಳಿಯನ್ನು 26 ಡಿಗ್ರಿಗೆ ಬೆಚ್ಚಗಾಗಿಸಿದರೆ ಅದೇ ಗಾಳಿಯ ಆರ್ದ್ರತೆ ಸುಮಾರು 66ಕ್ಕೆ ಇಳಿಯುತ್ತದೆ. ಕಪಾಟಿನ ತಳದಲ್ಲಿ ಹದಿನೈದು ವ್ಯಾಟಿನ ಹಳೆಯ ಬಗೆಯ ಬಲ್ಬೊಂದನ್ನು ಉರಿಸಿಡುವ ರೂಢಿಯ ಹಿಂದಿರುವುದು ಈ ಲೆಕ್ಕವೇ. ಶಾಖ ಕೊಡದ ಎಲ್‌ಇಡಿ ಬಲ್ಬು ಇದಕ್ಕೆ ಉಪಯೋಗವಿಲ್ಲ. ಬಲ್ಬಿನ ಸುತ್ತ ಜಾಲರಿಯಿರಬೇಕು, ಬಟ್ಟೆ ಕಾಗದಗಳು ಅದಕ್ಕೆ ತಾಗಬಾರದು, ಮತ್ತು ಆ ಕಪಾಟಿನಲ್ಲಿ ಬ್ಯಾಟರಿ ಇರಕೂಡದು. ಹೀಗೆ ಒಂದು ಬೆಚ್ಚಗಿನ ಕಪಾಟು ಉಕ್ಕಿಗೆ, ಒಂದು ತಂಪಾದ ಗೂಡು ಬ್ಯಾಟರಿಗೆ ಎಂದು ಬೇರ್ಪಡಿಸಿಕೊಂಡರೆ ಕೋಣೆಯ ಜೋಡಣೆಯ ಅರ್ಧ ಕೆಲಸ ಮುಗಿದಂತೆ.

ಉಳಿದರ್ಧದಲ್ಲಿ ಗೋಡೆಯ ಆಯ್ಕೆ ಮುಖ್ಯ. ಮುಂಗಾರಿನ ಗಾಳಿ ನೈಋತ್ಯ, ಪಶ್ಚಿಮಗಳಿಂದ ಬೀಸುವುದರಿಂದ ಆ ಕಡೆಯ ಗೋಡೆಗಳಿಗೆ ಇರಚಲು ಬಡಿದು ಒಳಮೈ ಕೂಡ ಒದ್ದೆಯಾಗುತ್ತದೆ. ಉಪಕರಣ ತೂಗುಹಾಕುವ ಹಲಗೆಯನ್ನು ಪೂರ್ವದ ಗೋಡೆಗೋ, ಮನೆಯ ಒಳಗೋಡೆಗೋ ಕಟ್ಟಿ, ಹಿಂದೆ ಗಾಳಿಯಾಡಲು ಒಂದಿಂಚು ಸಂದು ಬಿಡಬೇಕು. ಮರದ ಪುಡಿಯನ್ನು ಒತ್ತಿ ಮಾಡಿದ ಎಂಡಿಎಫ್, ಪಾರ್ಟಿಕಲ್ ಬೋರ್ಡುಗಳು ಒಂದೇ ಮಳೆಗಾಲಕ್ಕೆ ಉಬ್ಬಿ ಸ್ಕ್ರೂ ಹಿಡಿತ ಬಿಟ್ಟುಕೊಡುತ್ತವೆ. ಭಾರತೀಯ ಮಾನಕವಾದ ಐಎಸ್ 710 ಗುರುತಿನ ಮರೈನ್ ಪ್ಲೈವುಡ್ ಅಥವಾ ತೋಟದಲ್ಲಿಯೇ ಸಿಗುವ, ಚೆನ್ನಾಗಿ ಒಣಗಿಸಿದ ಸಿಲ್ವರ್ ಓಕ್ ಹಲಗೆ ವಾಸಿ. ಉಪಕರಣದ ಜೊತೆ ಬರುವ ಪ್ಲಾಸ್ಟಿಕ್ ಪೆಟ್ಟಿಗೆಗಳನ್ನು ಬಹಳ ಜನ ಸುರಕ್ಷಿತ ಎಂದು ಭಾವಿಸುತ್ತಾರೆ. ಮಳೆಯಲ್ಲಿ ಬಳಸಿದ ಡ್ರಿಲ್ಲನ್ನು ಒರೆಸದೆ ಅದರೊಳಗೆ ಮುಚ್ಚಿದರೆ ತೇವ ಹೊರಹೋಗಲು ದಾರಿಯೇ ಇರುವುದಿಲ್ಲ, ಒಳಗಿನ ಸ್ಪಂಜು ಅದನ್ನು ವಾರಗಟ್ಟಲೆ ಹಿಡಿದಿಟ್ಟುಕೊಳ್ಳುತ್ತದೆ. ಉಳಿ, ಕೀಸುಳಿಗಳನ್ನು ಚರ್ಮದ ಒರೆಯಲ್ಲಿ ಇಡುವುದಕ್ಕೂ ಇದೇ ಆಕ್ಷೇಪ. ಉಕ್ಕಿನ ಮೇಲೆ ಹೊಲಿಗೆ ಯಂತ್ರದ ಎಣ್ಣೆಯನ್ನು ಬಟ್ಟೆಯಿಂದ ತೆಳುವಾಗಿ ಸವರಿದರೆ ಸಾಕು. ಅಡುಗೆ ಎಣ್ಣೆಗಳು ಗಾಳಿಗೆ ಅಂಟಾಗಿ ದೂಳು ಹಿಡಿಯುತ್ತವೆ. ಉಪ್ಪುಕಾಗದ, ಡ್ರಿಲ್ ಬಿಟ್ಟುಗಳು, ಗರಗಸದ ಬ್ಲೇಡುಗಳು ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಚೀಲದೊಂದಿಗೆ ಇದ್ದರೆ ಮಳೆಗಾಲ ಕಳೆಯುತ್ತವೆ. ಆ ಚೀಲಗಳನ್ನು ಆಗಾಗ ಒಣಗಿಸಬೇಕು, ಇಲ್ಲವಾದರೆ ಕೆಲವೇ ವಾರಗಳಲ್ಲಿ ಅವು ಬರಿಯ ಅಲಂಕಾರ.

ಹೊಸದಾಗಿ ಕೊಳ್ಳುವವರು ಉಪಕರಣಕ್ಕಿಂತ ಮೊದಲು ಬ್ಯಾಟರಿಯ ಮಾದರಿಯನ್ನು ಆರಿಸಿಕೊಳ್ಳುವುದು ಒಳ್ಳೆಯದು. ಒಂದು ಕಂಪನಿಯ ಪ್ಯಾಕು ಸಾಮಾನ್ಯವಾಗಿ ಇನ್ನೊಂದಕ್ಕೆ ಕೂರುವುದಿಲ್ಲ. ಬಾಷ್ ಕಂಪನಿಯದೇ ಹಸಿರು ಮತ್ತು ನೀಲಿ ಬಣ್ಣದ 18 ವೋಲ್ಟಿನ ಉಪಕರಣಗಳ ಪ್ಯಾಕುಗಳು ಕೂಡ ಅದಲುಬದಲಾಗುವುದಿಲ್ಲ. ಒಂದೇ ಮಾದರಿಗೆ ಅಂಟಿಕೊಂಡರೆ ಮೂರು ನಾಲ್ಕು ಉಪಕರಣಗಳಿಗೆ ಎರಡು ಪ್ಯಾಕು, ಒಂದು ಚಾರ್ಜರು ಸಾಕಾಗುತ್ತದೆ, ಮತ್ತು ಯಾವ ಪ್ಯಾಕೂ ತಿಂಗಳುಗಟ್ಟಲೆ ಸುಮ್ಮನೆ ಕೂರುವ ಪ್ರಸಂಗ ಬರುವುದಿಲ್ಲ. ಪ್ಯಾಕಿನ ಮೇಲೆ ಕೊಂಡ ತಿಂಗಳು, ವರ್ಷ ಬರೆದಿಟ್ಟರೆ ಯಾವುದು ಹಳತು ಎಂಬ ತಕರಾರು ಇರುವುದಿಲ್ಲ. ತುಂಬಿ ಖಾಲಿಯಾಗುವ ಮುನ್ನೂರರಿಂದ ಐನೂರು ಪೂರ್ತಿ ಸುತ್ತುಗಳ ಬಳಿಕ ಸಾಮರ್ಥ್ಯ ಸುಮಾರು ಶೇಕಡ 80ಕ್ಕೆ ಇಳಿಯುವುದು ಸಹಜ. ಅಂಥ ಪ್ಯಾಕು ದೀಪಕ್ಕೋ ಸಣ್ಣ ಡ್ರಿಲ್ಲಿಗೋ ಇನ್ನೂ ಕೆಲವು ಕಾಲ ಆಗುತ್ತದೆ.

ಉಬ್ಬಿದ, ಬಿದ್ದು ಒಡೆದ, ನೀರಿನಲ್ಲಿ ಮುಳುಗಿದ ಅಥವಾ ಸುಮ್ಮನಿರುವಾಗಲೇ ಬಿಸಿಯಾಗುವ ಪ್ಯಾಕಿನ ಮಾತು ಬೇರೆ. ಅದನ್ನು ಚಾರ್ಜಿಗೆ ಹಾಕದೆ, ಬಿಚ್ಚಿ ನೋಡದೆ, ತುದಿಗಳಿಗೆ ಟೇಪು ಸುತ್ತಿ, ಮನೆಯಿಂದ ದೂರ, ಮಳೆ ತಾಗದ ಜಾಗದಲ್ಲಿ ಮರಳು ತುಂಬಿದ ಕಬ್ಬಿಣದ ಡಬ್ಬಿಯಲ್ಲಿ ಇಡಬೇಕು. ಚಾರ್ಜಾಗುತ್ತಿರುವಾಗ ಹೊಗೆ ಬಂದರೆ ಮೊದಲು ಮೇನ್ ಸ್ವಿಚ್ ಆರಿಸಿ, ಹೊಗೆಯನ್ನು ಉಸಿರಾಡದಂತೆ ದೂರ ಸರಿಯಬೇಕು. ಆ ಹೊಗೆಯಲ್ಲಿ ವಿಷಾನಿಲಗಳಿರುತ್ತವೆ. ವಿದ್ಯುತ್ ಕಡಿದ ಮೇಲೆ ದೂರದಿಂದ ಧಾರಾಳವಾಗಿ ನೀರು ಸುರಿದು ತಣಿಸಬಹುದು, ಏಕೆಂದರೆ ಒಂದು ಸೆಲ್ಲಿನ ಶಾಖ ಪಕ್ಕದ ಸೆಲ್ಲಿಗೆ ಹರಡದಂತೆ ತಡೆಯುವುದೇ ಅಲ್ಲಿ ಮುಖ್ಯ. ಕೆಟ್ಟ ಪ್ಯಾಕನ್ನು ತೋಟದಲ್ಲಿ ಹೂಳುವುದು, ಕಸದ ಬೆಂಕಿಗೆ ಹಾಕುವುದು, ಗುಜರಿಯವರ ಚೀಲಕ್ಕೆ ಎಸೆಯುವುದು ಮೂರೂ ಸಲ್ಲದು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಬಳಸಿ ಮುಗಿದ ಬ್ಯಾಟರಿಯನ್ನು ಮರಳಿ ಸಂಗ್ರಹಿಸುವ ಹೊಣೆ ತಯಾರಕರದು. ಆದ್ದರಿಂದ ಹಾಸನಕ್ಕೋ ಚಿಕ್ಕಮಗಳೂರಿಗೋ ಹೋಗುವಾಗ ಆ ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಅಥವಾ ಮಾರಿದ ಅಂಗಡಿಯಲ್ಲಿ ಹಳೆಯ ಪ್ಯಾಕನ್ನು ಹಿಂದಕ್ಕೆ ಪಡೆಯುತ್ತಾರೆಯೇ ಎಂದು ವಿಚಾರಿಸಬೇಕು, ಅಲ್ಲಿಯವರೆಗೆ ಅದು ಮರಳಿನ ಡಬ್ಬಿಯಲ್ಲಿಯೇ ಇರಲಿ.